ನೆಲ ಹೆಪ್ಪುಗಟ್ಟುವ ಮೊದಲು

ವರ್ಮಾಂಟ್
ಅಕ್ಟೋಬರ್ ೧೯, ಭಾನುವಾರ ಮಧ್ಯಾಹ್ನ

ಮುದ್ದಿನ ಥಿಯಾ,

ಫೋನಿನಲ್ಲಿ ಹೇಳಬಹುದಾದದ್ದನ್ನು ಅಮ್ಮ ಕಾಗದದಲ್ಲಿ ಏಕೆ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬೇರಿಸುತ್ತೀಯ, ಗೊತ್ತು. ಫೋನಿನಲ್ಲಾದರೆ ನಾನು ಹವಾಮಾನದ ವರದಿ ಒಪ್ಪಿಸಿ ಇಟ್ಟುಬಿಡುತ್ತೇನೆ. ಹದಿನಾಲ್ಕು ವರ್ಷದಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ.

ಮೊದಲು ಟ್ಯಾನ್ಸಿಯ ವಿಷಯ. ನಿನ್ನ ಕುದುರೆಗೆ ಈಗ ಇಪ್ಪತ್ತೇಳು ವರ್ಷ. ಹಲ್ಲು ಹೋಗಿವೆ. ನಿಮ್ಮಪ್ಪ ದಿನಾ ಎರಡು ಹೊತ್ತು ಬಿಸಿನೀರಿನಲ್ಲಿ ಮೇವು ನೆನೆಸಿ ಗಂಜಿಯಂತೆ ಮಾಡಿ ಕೊಡುತ್ತಾರೆ. ನನಗೆ ಒಂದು ದಿನವೂ ಅಷ್ಟು ಅಕ್ಕರೆಯಿಂದ ಕಾಫಿ ಮಾಡಿಕೊಟ್ಟವರಲ್ಲ. ಕಳೆದ ಚಳಿಗಾಲದಲ್ಲಿ ಅವಳು ಎರಡು ಸಲ ಹಿಮದಲ್ಲಿ ಬಿದ್ದು ಏಳಲಾರದೆ ಒದ್ದಾಡಿದಳು. ಇನ್ನೊಂದು ಚಳಿಗಾಲ ಅವಳಿಗೆ ಹಿಂಸೆ ಎಂದು ಪಶುವೈದ್ಯೆ ಹೇಳಿದ್ದಾಳೆ. ನೆಲ ಹೆಪ್ಪುಗಟ್ಟಿದರೆ ಗುಂಡಿ ತೋಡಲಾಗದು. ಅದಕ್ಕೇ ಅವಳನ್ನು ನೋವಿಲ್ಲದೆ ಕಳಿಸಿಕೊಡಲು ನವೆಂಬರ್ ಎಂಟು, ಶನಿವಾರ ಎಂದು ಗೊತ್ತು ಮಾಡಿದ್ದೇವೆ. ಸೇಬಿನ ಮರದ ಹತ್ತಿರ, ಡ್ಯೂಕ್‌ನನ್ನು ಹೂತ ಜಾಗದ ಪಕ್ಕದಲ್ಲಿ.

ಡ್ಯೂಕ್‌ನ ಹೆಸರು ಬರೆದು ಒಂದು ಸುತ್ತು ಅಂಗಳಕ್ಕೆ ಹೋಗಿ ಬಂದೆ.

ಆಗಿನ ಅಕ್ಟೋಬರ್ ಶನಿವಾರಗಳು ನಿನಗೆ ನೆನಪಿವೆಯೇ? ನಿಮ್ಮಪ್ಪ ತಮ್ಮ ಕುದುರೆ ಡ್ಯೂಕ್ ಮೇಲೆ ಮುಂದೆ, ಅಪಸ್ವರದಲ್ಲಿ ಹಾಡುತ್ತಾ. ಮಧ್ಯೆ ಟ್ಯಾನ್ಸಿ ಮೇಲೆ ನೀನು. ಹಿಂದೆ ಪಕ್ಕದ ಮನೆಯವರ ಸೋಮಾರಿ ಕುದುರೆಯನ್ನು ಬೇಡಿಕೊಳ್ಳುತ್ತಾ ನಾನು. ಮೇಪಲ್ ಎಲೆ ದಾರಿ ತುಂಬ ಬಿದ್ದು ಗೊರಸಿನ ಸದ್ದೇ ಕೇಳುತ್ತಿರಲಿಲ್ಲ. ಮಾರನೆಯ ದಿನ ಗುಡ್ಡದ ಮೇಲಿನ ಸಭಾಮನೆಯಲ್ಲಿ ನಮ್ಮ ಅಕ್ಟೋಬರಿನ ಮೌನಶಿಬಿರ. ಎಲ್ಲರೂ ಸುಮ್ಮನೆ ಕೂರುವುದು, ಏನಾದರೂ ಹೇಳಬೇಕೆನಿಸಿದವರು ಎದ್ದು ನಿಂತು ಹೇಳುವುದು. ಸವಾರಿಗೆ ತೊಟ್ಟಿದ್ದ ಅದೇ ಉಣ್ಣೆಯ ಕೋಟಿನಲ್ಲಿ ಹೋಗಿ ಕುಳಿತರೆ ಮುದುಕಿ ಅಡಲೀನ್ ಮೂಗು ಅರಳಿಸಿ, "ಏನ್ ಲೊರೇನ್, ಈ ವರ್ಷ ಕುದುರೆಗಳನ್ನೂ ಧ್ಯಾನಕ್ಕೆ ಕರ್ಕೊಂಡ್ ಬಂದಂಗಿದೆ" ಎನ್ನುತ್ತಿದ್ದಳು. ನೀನು ನಗು ತಡೆಯಲಾರದೆ ಒಂದು ಗಂಟೆಯ ಮೌನವನ್ನೆಲ್ಲ ನನ್ನ ತೋಳಿನಲ್ಲಿ ಮುಖ ಹುದುಗಿಸಿ ಕಳೆಯುತ್ತಿದ್ದೆ. ಅಷ್ಟು ಸುಖವಾಗಿದ್ದೆವು ಮಗಳೇ, ಸುಖವಾಗಿದ್ದೇವೆ ಎಂದು ಆಗ ಯಾರೂ ಹೇಳಿಕೊಳ್ಳಲಿಲ್ಲ.

ನಿನಗೆ ಹದಿನೈದಾದ ವರ್ಷದ ಆ ಭಾನುವಾರ ಬೆಳಿಗ್ಗೆ ಕುದುರೆ ಮೇಯುವ ಬಯಲಿನ ಗೇಟು ತೆರೆದಿತ್ತು. ಡ್ಯೂಕ್ ರಸ್ತೆಗೆ ಹೋಗಿ ಹಾಲಿನ ಲಾರಿಗೆ ಸಿಕ್ಕಿದ್ದ. ಕೊನೆಗೆ ಬಂದವರು ಗೇಟು ಹಾಕಬೇಕೆಂಬುದು ನಮ್ಮ ಮನೆಯ ಕಟ್ಟಳೆ. "ಕೊನೇಲಿ ಬಂದಿದ್ದು ಯಾರು?" ಎಂದು ನಿಮ್ಮಪ್ಪ ಒಂದೇ ಸಲ ಕೇಳಿದರು. ಹಿಂದಿನ ಸಂಜೆ ಡ್ಯೂಕ್‌ನನ್ನು ಬಯಲಲ್ಲೇ ಬಿಟ್ಟು ಟ್ಯಾನ್ಸಿಯನ್ನು ಲಾಯಕ್ಕೆ ತಂದವಳು ನೀನು.

ಎರಡು ಗಂಟೆಯ ನಂತರ ಶಿಬಿರದ ಮೌನದಲ್ಲಿ ನೀನು ಎದ್ದು ನಿಂತೆ. "ನಾನು ಗೇಟ್ ಹಾಕಿದ್ದೆ. ಹಗ್ಗ ಎರಡು ಸುತ್ತು ಸುತ್ತಿದ್ದೆ" ಎಂದೆ. ಮೌನದಲ್ಲಿ ಆಡಿದ ಮಾತಿಗೆ ಯಾರೂ ಉತ್ತರ ಕೊಡಬಾರದೆಂಬುದು ನಮ್ಮ ಪದ್ಧತಿ. ಯಾರೂ ಕೊಡಲಿಲ್ಲ. ಅಡಲೀನ್ ಎಂದಿನಂತೆ ಪಕ್ಕದವರ ಕೈಕುಲುಕಿ ಸಭೆ ಮುಗಿಸಿದಳು. ನಿನ್ನ ಪಕ್ಕದಲ್ಲಿದ್ದ ನಾನು ನಿನ್ನ ಕೈ ಹಿಡಿದು ಕುಲುಕಿದೆ. ನಿನ್ನ ಕೈ ತಣ್ಣಗಿತ್ತು.

ಆಮೇಲೆ ನೀನು ಕುದುರೆ ಹತ್ತಲಿಲ್ಲ. ಓದಲು ಹೋದ ಮೇಲೆ ಕ್ರಿಸ್‌ಮಸ್‌ಗೆ ಬಂದೆ, ನನ್ನ ಹುಟ್ಟುಹಬ್ಬಕ್ಕೆ ಬಂದೆ, ಅಕ್ಟೋಬರಿಗೆ ಒಮ್ಮೆಯೂ ಬರಲಿಲ್ಲ. ನಾವು ನಿನ್ನನ್ನು ನಂಬಲಿಲ್ಲ ಎಂದು ನೀನು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ನಾನು ಬಿಟ್ಟೆ. ಪದ್ಧತಿಯ ಹಿಂದೆ ಅಡಗಿಕೊಳ್ಳುವುದು ಸುಲಭ ಥಿಯಾ, ಹೊರಗಿನವರಿಗೆ ಅದು ಭಕ್ತಿಯಂತೆಯೇ ಕಾಣುತ್ತದೆ.

ಇವತ್ತು ಬೆಳಿಗ್ಗೆ ಶಿಬಿರದಲ್ಲಿ ನಾನು ಎದ್ದು ನಿಂತೆ. ಏನೂ ಹೇಳದೆ ಕುಳಿತೆ. ಮನೆಗೆ ಬರುವಾಗ ನಿಮ್ಮಪ್ಪ, "ಎದ್ದೆ, ಸುಮ್ನೆ ಕೂತ್ಕೊಂಡೆ. ಮಂಡಿ ಹಿಡ್ಕೊಂಡಿತ್ತಾ?" ಎಂದರು.

"ಮಂಡಿ ಅಲ್ಲ" ಎಂದೆ.

ಅವರು ಗುಡ್ಡದ ಇಳಿಜಾರಿನಲ್ಲಿ ಗೇರು ಬದಲಿಸಿದರು. ಆಮೇಲೆ, "ಯಾರಿಗೆ ಹೇಳ್ಬೇಕೋ ಅವ್ಳು ಅಲ್ಲಿರ್ಲಿಲ್ಲ ಅನ್ಸತ್ತೆ" ಎಂದರು. ಅವರಿಗೆ ಎಷ್ಟು ಗೊತ್ತೋ, ಎಂದಿನಿಂದ ಗೊತ್ತೋ, ಕೇಳುವ ಧೈರ್ಯ ನನಗಾಗಲಿಲ್ಲ.

ನೀನಿರುವ ಟೂಸಾನ್‌ನ ಬಿಸಿಲು ಬಿಟ್ಟು ಎರಡು ದಿನಕ್ಕೆ ಬಾ. ಟ್ಯಾನ್ಸಿ ಸವಾರಿಗೆ ಆಗುವುದಿಲ್ಲ, ಆದರೆ ನಿನ್ನ ಜೊತೆ ಸೇಬಿನ ಮರದವರೆಗೆ ನಡೆದಾಳು. ಕೊನೆಯ ಸಲ ಅವಳ ಹಗ್ಗ ನಿನ್ನ ಕೈಯಲ್ಲಿರಲಿ. ಈ ಕಾಗದ ಪೂರ್ತಿ ಓದಿದ ಮೇಲೆ ಬರಲು ಮನಸ್ಸಾಗದಿದ್ದರೆ, ಅದೂ ನನಗೆ ಅರ್ಥವಾಗುತ್ತದೆ.

ನಿನ್ನ ಅಮ್ಮ,
ಲೊರೇನ್

ಮರೆತ ಮಾತು: ಲಕೋಟೆಯಲ್ಲಿ ಒಂದು ಕೆಂಪು ಉಣ್ಣೆಯ ಕೈಗವಸಿದೆ. ಆ ವರ್ಷ ಒಂದು ಗವಸು ಕಳೆದುಹೋಯಿತು ಎಂದು ನಾನು ಹೇಳಿದ್ದಕ್ಕೆ ನೀನು ಅದೇ ಬಣ್ಣ ಹುಡುಕಿ, ಹೆಬ್ಬೆರಳು ತುಸು ಉದ್ದವಾಗಿ, ಉಳಿದದ್ದಕ್ಕೆ ಜೋಡಿ ಹೆಣೆದುಕೊಟ್ಟೆಯಲ್ಲ. ಇದು ಆ ಕಳೆದುಹೋದದ್ದು. ಇದು ಕಳೆದಿರಲಿಲ್ಲ. ಆ ಸಂಜೆ ನೀನು ಒಳಗೆ ಬಂದ ಮೇಲೆ ನಾನು ಗೇಟಿನಾಚೆಯಿಂದ ಸೇಬಿನ ಬುಟ್ಟಿ ತರಲು ಹೋಗಿದ್ದೆ. ನಿನ್ನ ಎರಡು ಸುತ್ತಿನ ಹಗ್ಗ ಬಿಚ್ಚಲೆಂದೇ ಗವಸು ತೆಗೆದಿದ್ದೆ. ಬರುವಾಗ ಎರಡೂ ಕೈ ತುಂಬಿತ್ತು, ಗೇಟು ಹಾಗೇ ಉಳಿಯಿತು. ಬೆಳಿಗ್ಗೆ ಇದು ಗೇಟಿನ ಕಂಬದ ಮೇಲಿತ್ತು. ನಿಮ್ಮಪ್ಪ ನೋಡುವ ಮೊದಲು ಜೇಬಿಗೆ ಹಾಕಿಕೊಂಡೆ. ನೀನು ಎದ್ದು ನಿಂತು ಮಾತಾಡಿದಾಗಲೂ ಅದು ನನ್ನ ಜೇಬಿನಲ್ಲೇ ಇತ್ತು.