ಕಿಟಕಿಯ ಕಂಬಳಿ ಕೀಳಿಸಿದ ಅಧಿಕಾರಿಗಳಿಗೆ

ಮಾನ್ಯ ಆಸ್ಪತ್ರೆ ಕಟ್ಟಡಗಳ ಮುಖ್ಯಾಧಿಕಾರಿಗಳೇ,

ಹೆರಿಗೆ ವಾರ್ಡಿನ ಕಿಟಕಿಗೆ ನಮ್ಮಮ್ಮ ಕಟ್ಟಿದ್ದ ಕಂಬಳಿಯನ್ನು ನೀವು ಕೀಳಿಸಿದಿರಿ. ಬೆಳಗಾಗುವಷ್ಟರಲ್ಲಿ ನನ್ನ ತಮ್ಮನ ಮಗುವಿನ ಮೈ ತಣ್ಣಗಾಗಿ, ತುಟಿ ನೀಲಿಗಟ್ಟಿ, ಅದನ್ನು ಇನ್‌ಕ್ಯುಬೇಟರಿಗೆ ಸಾಗಿಸಬೇಕಾಯಿತು. ಈ ಎರಡಕ್ಕೂ ಸಂಬಂಧವಿಲ್ಲ ಎಂದು ನಿಮ್ಮ ಕಚೇರಿ ಹೇಳುತ್ತಿದೆ. ಇದೆ ಎಂದು ನಾನು ಹೇಳುತ್ತಿದ್ದೇನೆ, ಊರಿಗೆಲ್ಲ ಕೇಳುವಂತೆ.

ಆ ವಾರ್ಡಿಗೆ ಮೊದಲು ಮರದ ಕಿಟಕಿಗಳಿದ್ದವು. ಚಿಕ್ಕವು, ಎರಡು ಪದರ ಗಾಜಿನವು. ನಿಮ್ಮ ಮಾತಿನಲ್ಲಿ ಓಬೀರಾಯನ ಕಾಲದವು. ಎರಡು ಗಾಜುಗಳ ನಡುವೆ ಸಿಕ್ಕಿಕೊಂಡ ಗಾಳಿ ಒಳಗಿನ ಬಿಸಿಯನ್ನು ಸುಲಭಕ್ಕೆ ಹೊರಗೆ ಬಿಡುತ್ತಿರಲಿಲ್ಲ. ಅವನ್ನು ಕಿತ್ತು, ಬಿಸಿಲೇ ಬೀಳದ ಉತ್ತರದ ಗೋಡೆಗೆ ನೆಲದಿಂದ ಸೂರಿನವರೆಗೆ ಒಂಟಿ ಗಾಜು, ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿದಿರಿ. ಹೊಳೆಯುತ್ತದೆ, ಒಪ್ಪಿದೆ. ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ನೀರಿಳಿಯುವುದೂ, ಅದಕ್ಕೆ ತಾಗಿ ತಣ್ಣಗಾದ ಗಾಳಿ ಪಕ್ಕದ ಮಂಚದ ಮೇಲೆ ಇಳಿಯುವುದೂ ಹೊಳಪಿನ ಲೆಕ್ಕಕ್ಕೆ ಸೇರಿಲ್ಲವೇನೋ! ದೂರು ಕೊಟ್ಟರೆ ಇನ್ನೊಂದು ಹೀಟರ್ ಕಳಿಸಿದಿರಿ. ತೂತು ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಐದನೇ ತರಗತಿಯ ಮಕ್ಕಳಿಗೆ ಒಂದೇ ಪಾಠಕ್ಕೆ ತಿಳಿಯುವುದು ನಿಮ್ಮ ಇಡೀ ಕಚೇರಿಗೆ ಏಕೆ ತಿಳಿಯಲಿಲ್ಲ?

ನಮ್ಮ ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತು. ಸಿಕ್ಕಿದ್ದು ಕಿಟಕಿ ಪಕ್ಕದ ಮಂಚ. ಅಮ್ಮ ತಾನು ಹೊದೆಯಲು ತಂದಿದ್ದ ಕಂಬಳಿಯನ್ನೇ ಗಾಜಿಗೆ ಅಡ್ಡ ಕಟ್ಟಿದಳು. ನರ್ಸಮ್ಮ ಬೈಯಲಿಲ್ಲ, ಪ್ಲಾಸ್ಟರ್ ತಂದು ಅಂಚುಗಳನ್ನು ಅಂಟಿಸಿಕೊಟ್ಟರು. ಮಗು ಬೆಚ್ಚಗೆ ಹಾಲು ಕುಡಿದು ಮಲಗತೊಡಗಿತು. ಆಮೇಲೆ ಮುಖ್ಯಾಧಿಕಾರಿಗಳಾದ ತಮ್ಮ ಸವಾರಿ ಚಿತ್ತೈಸಿತು.

"ಏನ್ರೀ ಇದು, ಆಸ್ಪತ್ರೇನೋ ಸಂತೇನೋ? ರಸ್ತೆಯಿಂದ ನೋಡಿದ್ರೆ ಅಸಹ್ಯವಾಗಿ ಕಾಣ್ಸುತ್ತೆ. ಮೊದ್ಲು ತೆಗೀರಿ! ಇನ್ಮೇಲೆ ಯಾರೂ ಕಟ್ಟಕೂಡ್ದು."

"ಕೂಸಿಗೆ ಚಳಿ ತಡೆಯಲ್ಲ ಸ್ವಾಮಿ," ಎಂದಳು ಅಮ್ಮ.

"ಹೀಟರ್ ಇದ್ಯಲ್ಲಮ್ಮ, ಇನ್ನೇನ್ ಬೇಕು?"

ಹಾಗೆನ್ನುವಾಗ, ವಾರ್ಡಿನ ಒಳಗೇ, ನೀವು ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದಿರಿ. ನಿಮ್ಮ ಕೋಟಿಗೆ ಒಳಪದರ ಬೇಕು, ಬಾಣಂತಿಯರ ಕಿಟಕಿಗೆ ಬೇಡ! ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ ಅಲ್ಲವೇ? ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ನಮ್ಮ ಮಗು ನಡುಗಬೇಕಿತ್ತೇ? ನನಗೆ ನಿಮ್ಮ ಮೇಲೆ ಅಸಾಧ್ಯ ಸಿಟ್ಟಿದೆ, ಅದನ್ನು ಮುಚ್ಚಿಡುವ ಸೌಜನ್ಯ ನನ್ನಲ್ಲಿ ಉಳಿದಿಲ್ಲ.

ಮಗು ಇನ್ನೂ ಇನ್‌ಕ್ಯುಬೇಟರಿನಲ್ಲೇ ಇದೆ. ಕೇಳಿದರೆ "ನೋಡೋಣ" ಎನ್ನುತ್ತಾರೆ ಡಾಕ್ಟರು, ನಮ್ಮ ಮುಖ ನೋಡದೆ.

ಎರಡು ಪದರದ ಕಿಟಕಿಗಳನ್ನು ಮತ್ತೆ ಹಾಕಿಸಿ. ಟೆಂಡರು, ಮಂಜೂರಾತಿ ಎನ್ನುವಷ್ಟರಲ್ಲಿ ಚಳಿಗಾಲವೇ ಕಳೆದೀತು, ಬಲ್ಲೆ. ಆದರೆ ಕಂಬಳಿ ಕಟ್ಟಕೂಡದೆಂಬ ನಿಮ್ಮ ಆಜ್ಞೆಯನ್ನು ಹಿಂತೆಗೆದುಕೊಳ್ಳಲು ಟೆಂಡರು ಬೇಕಿಲ್ಲ. ಇವತ್ತೇ ಹಿಂತೆಗೆದುಕೊಳ್ಳಿ. ನಮ್ಮ ಮಂಚಕ್ಕೆ ಆಗಲೇ ಇನ್ನೊಬ್ಬ ಬಾಣಂತಿ ಬಂದಿದ್ದಾಳೆ. ಅವಳ ಮಗು ನಮ್ಮದಕ್ಕಿಂತ ಸಣ್ಣದು.

ಇಂತಿ,
ಇನ್ನೂ ಹೆಸರಿಡದ ಮಗುವಿನ ಸೋದರತ್ತೆ