ನೋಡಲು ಬಂದ ಕೊತ್ತತ್ತಿ

ಅಕ್ಟೋಬರ್ 14, ಮಂಗಳವಾರ. ಮಂಡ್ಯ.

ಕ್ಷಮೆ ಕೇಳಬೇಕಂತೆ, ನಾನು! ನಾಳೆ ಬೆಳಿಗ್ಗೆ, ಆಸ್ಪತ್ರೆಯ ಸೂಪರಿಂಟೆಂಡೆಂಟರ ಎದುರಿಗೆ. ಯಾರೋ ದೊಡ್ಡವರಿಂದ ಅವರಿಗೆ ಫೋನ್ ಬಂದಿದೆ.

ರಕ್ತ ಕ್ಯಾನ್ಸರ್ ವಾರ್ಡಿನಲ್ಲಿರುವ ಮಾಯಮ್ಮನನ್ನು ನೋಡಲು ಇವತ್ತು ಆಕೆಯ ಊರು ಕೊತ್ತತ್ತಿಯಿಂದ ಒಂದು ಟೆಂಪೊ ತುಂಬ ಜನ ಬಂದಿದ್ದರು. ಕೈಯಲ್ಲಿ ಸೇವಂತಿಗೆ, ಕ್ಯಾರಿಯರ್ ತುಂಬ ಬಂಡೂರು ಕುರಿಯ ಕಾಲು ಸೂಪು. ಕೀಮೋ ಆದ ಮೇಲೆ ಆಕೆಯ ಬಿಳಿ ರಕ್ತಕಣಗಳು ನೆಲಕಚ್ಚಿವೆ. ಅಷ್ಟು ಜನರಲ್ಲಿ ಒಬ್ಬರಿಗೆ ನೆಗಡಿ ಇದ್ದರೂ ಸಾಕು, ಆಕೆಯ ಜೀವಕ್ಕೇ ಕುತ್ತು. ನನ್ನ ಬಳಿ ತರಬೇತಿಗೆ ಬಂದಿರುವ ವೀಣ, ಪಾಪ ಎಂದು ಬಾಗಿಲು ತೆಗೆಯಹೊರಟಳು. ನಾನು ಅಡ್ಡ ನಿಂತೆ.

ಮಾಯಮ್ಮನ ಮೈದುನ ಚಲುವರಾಜು ಕೂಗಾಡಿದ. "ಕಾಯ್ಲೆ ಬಿದ್ದೋರ್ನ ನೋಡ್ದೆ ವಾಪಸ್ ಓದ್ರೆ ಊರ್ನೋರು ಏನಂದಾರು? ತಡ್ಯಾಕೆ ನೀನ್ಯಾರಮ್ಮ?"

"ಈ ವಾರ್ಡಿನ ಹೆಡ್ ನರ್ಸು, ಸುರಯ್ಯಾ. ದೂರು ಕೊಡೋಕೆ ಹೆಸರು ಬೇಕಲ್ಲ, ಬರ್ಕೊಳ್ಳಿ."

ಬರೆದುಕೊಂಡ.

ಅಷ್ಟರಲ್ಲಿ ಒಳಗಿನಿಂದ ಮಾಯಮ್ಮನ ದನಿ ಬಂತು. ಅಷ್ಟು ದನಿ ಅವಳಲ್ಲಿ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ.

"ಓಗ್ರಲಾ ಸುಮ್ನೆ! ಬದ್ಕುದ್ರೆ ನಾನೇ ನಿಮ್ಮನ್ನ ನೋಡಾಕೆ ಬತ್ತೀನಿ."

ಟೆಂಪೊ ವಾಪಸು ಹೋಯಿತು. ಹೂವು ಬಾಗಿಲಾಚೆಯೇ ಉಳಿಯಿತು.

ವೀಣ ಹೆದರಿ ಅಳುತ್ತಿದ್ದಳು. ನರ ಹುಡುಕಿ ಸೂಜಿ ಚುಚ್ಚುವುದನ್ನು ಅವಳಿಗೆ ಯಾರಾದರೂ ಕಲಿಸುತ್ತಾರೆ. ‘ಆಗುವುದಿಲ್ಲ’ ಎನ್ನುವುದನ್ನು ನಾನೇ ಕಲಿಸಬೇಕು.

ಕಣ್ಣು ಎಳೆಯುತ್ತಿದೆ. ನಾಳೆ ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಕ್ಷಮೆ ಕೇಳದೆ ಎದ್ದು ಬರುವುದು ಹೇಗೆಂದು ನೋಡಲಿ.