ಶನಿವಾರದ ಸಿಪಾಯಿ

ಲೀಡ್ಸ್,
24 ಮಾರ್ಚ್ 1957, ಭಾನುವಾರ

ಪ್ರೀತಿಯ ಎನಿಡ್‌ಗೆ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಟೀ ಮಾಡಿಕೊಳ್ಳಲು ಏಳುತ್ತೇನೆ. ಇವತ್ತು ಆರು ಸಲ ಟೀ ಆಯಿತು, ಇನ್ನು ನೆಪವಿಲ್ಲ.

"ಅಂತೂ ಸರ್ಕಾರ ನಿನ್ನನ್ನ ಬಿಡ್ತಲ್ಲ. ಇಷ್ಟು ವರ್ಷ ಅವರು ಹಿಡಿದಿಟ್ರೆ ನಿಂದೇನು ತಪ್ಪು? ವಿಟ್ಬಿಗೆ ಬಾ, ಇಬ್ಬರೂ ಇಲ್ಲೇ ಇರೋಣ" ಎಂದು ಬರೆದಿದ್ದೀಯ. ನಿನ್ನ ಅಮ್ಮನ ಮಣ್ಣು ಮುಗಿಸಿ, ಗಂಡನ ಮನೆಗೆ ಮರಳದೆ ಅಲ್ಲೇ ತವರಲ್ಲಿ ಉಳಿದವಳು ನೀನು. ಎರಡು ವರ್ಷದ ಮೇಲೆ ನಿನ್ನ ಕೈಬರಹ ನೋಡಿ ಅತ್ತುಬಿಟ್ಟೆ. ಹೌದು ಕಣೇ, ನಲವತ್ತೆಂಟು ವರ್ಷದ ಗಂಡಸು.

ನಮ್ಮ ದಳ ಮುಚ್ಚಿ ಇಂದಿಗೆ ಹದಿನೈದು ದಿನ. ದೇಶದ ಮೀಸಲು ಯುದ್ಧವಿಮಾನ ದಳಗಳಿಗೆಲ್ಲ ಒಟ್ಟಿಗೇ ಬೀಗ. ಬ್ಯಾಂಕಿನ ಗುಮಾಸ್ತರು, ವಕೀಲರು, ಉಣ್ಣೆ ವ್ಯಾಪಾರಿಗಳು, ನನ್ನಂಥ ಮೆಕ್ಯಾನಿಕ್ಕುಗಳು ಕಟ್ಟಿದ ದಳವದು. ವಾರವೆಲ್ಲ ಹೊಟ್ಟೆಪಾಡು, ಶನಿವಾರ ಭಾನುವಾರ ಹಾರಾಟ. ಕಾಯಂ ಸೈನ್ಯದವರು "ರಜೆ ದಿನದ ಶೋಕಿಲಾಲರು" ಎಂದು ಆಡಿಕೊಳ್ಳುತ್ತಿದ್ದರು. 1940ರ ಬೇಸಿಗೆಯಲ್ಲಿ ಜರ್ಮನ್ ಬಾಂಬರುಗಳನ್ನು ಕಡಲಾಚೆ ಅಟ್ಟಿದ್ದು ಅದೇ ಶೋಕಿಲಾಲರು. ನಮ್ಮ ದಳದಲ್ಲೇ ಒಂಬತ್ತು ಜನ ಮರಳಲಿಲ್ಲ. ಮತ್ತೆ ಯುದ್ಧ ಬಂದೀತೆಂದು ಆಮೇಲೂ ನಮ್ಮನ್ನು ಸಿದ್ಧವಾಗಿಟ್ಟರು. ಈಗ ಖರ್ಚು ಹೆಚ್ಚಂತೆ, ಕ್ಷಿಪಣಿಗಳು ಸಾಕಂತೆ.

ನಿನ್ನೆ ಶನಿವಾರ. ಅಭ್ಯಾಸಬಲದಿಂದ ಆರಕ್ಕೆದ್ದು, ಬ್ರೆಡ್ಡು ಚೀಸು ಕಟ್ಟಿಕೊಂಡು ದಳದ ವಿಮಾನ ನಿಲ್ದಾಣದ ಕಡೆಯ ಬಸ್ಸು ಹತ್ತಿದೆ. "ಗೇಟಿಗೆ ಬೀಗ ಬಿದ್ದಿದೆಯಲ್ಲೋ ವಿಲ್ಫ್, ಕಾಗೆ ಎಣಿಸೋಕೆ ಹೋಗ್ತೀಯಾ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕು, ಮುಂದಿನ ಸ್ಟಾಪಿನಲ್ಲಿಳಿದು ಮನೆಗೆ ಬಂದೆ. ಸಂಜೆಯವರೆಗೆ ಒಬ್ಬರ ಜೊತೆಯೂ ಮಾತಿಲ್ಲ. ನೀನು ವರ್ಷಗಟ್ಟಲೆ ಇಂಥ ಶನಿವಾರಗಳನ್ನು ಒಬ್ಬಳೇ ಕಳೆದೆಯಲ್ಲ, ಹೇಗೆ ಕಳೆದೆಯೋ ಮಹರಾಯಿತಿ!

ಬರಬೇಕೆಂದು ಜೀವ ಹಾತೊರೆಯುತ್ತಿದೆ. ಆದರೆ ಸುಳ್ಳು ಹೊತ್ತುಕೊಂಡು ಬರಲಾರೆ. ಎನಿಡ್, ಸರ್ಕಾರ ನನ್ನನ್ನು ಹಿಡಿದಿಟ್ಟಿರಲಿಲ್ಲ. ಯುದ್ಧ ಮುಗಿದ ಮೇಲೆ ನಮ್ಮ ದಳದಲ್ಲಿ ಯಾರಿಗೂ ಬಲವಂತವಿರಲಿಲ್ಲ. ಅವಧಿ ಮುಗಿದಾಗಲೆಲ್ಲ ನಾನೇ ಹೋಗಿ ಮತ್ತೆ ಸೇರುತ್ತಿದ್ದೆ. ಮನೆಗೆ ಬಂದು "ಆರ್ಡರ್ ಬಂದಿದೆ, ಏನ್ ಮಾಡ್ಲಿ ಹೇಳು" ಎಂದು ಮುಖ ಸಣ್ಣಗೆ ಮಾಡುತ್ತಿದ್ದೆ. ವಾರವೆಲ್ಲ ದುಡಿಯುವ ಟ್ರಾಮ್ ಶೆಡ್ಡಿನಲ್ಲಿ ನನ್ನನ್ನು ಕೇಳುವವರಿಲ್ಲ. ದಳದಲ್ಲಿ ನಾನು ಎಂಜಿನ್ ನೋಡಿ ಸಹಿ ಹಾಕದೆ ವಿಮಾನ ಮೇಲೇಳುತ್ತಿರಲಿಲ್ಲ. ಆ ಮರ್ಯಾದೆಯ ರುಚಿ ಹತ್ತಿಬಿಟ್ಟಿತ್ತು.

ಇಷ್ಟು ಓದಿದ ಮೇಲೂ ಬಾ ಎಂದರೆ, ಸಿಕ್ಕ ರೈಲಿಗೆ ಬರುತ್ತೇನೆ. ಬೇಡವೆಂದರೆ ನಿನ್ನನ್ನು ದೂರುವುದಿಲ್ಲ.

ನಿನ್ನವನು ಎನ್ನಲು ಬಾಯಿಲ್ಲದ,
ವಿಲ್ಫ್

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮನಿಗೆ ಕಾಯಿಲೆ ಜೋರಾದಾಗ ನಾನು ಬೇಸಿಗೆ ಶಿಬಿರದಲ್ಲಿದ್ದೆ. ನನ್ನನ್ನು ಕಳಿಸಿಕೊಡಿ ಎಂದು ನೀನು ನಮ್ಮ ದಳದ ಮುಖ್ಯಸ್ಥ ಹ್ಯಾಲಿವೆಲ್ ಸಾಹೇಬರಿಗೆ ಬರೆದೆ. ಉತ್ತರವನ್ನೂ ಕೊಡದ ಕಲ್ಲುಮನಸ್ಸಿನವನೆಂದು ಅವರನ್ನು ಈ ಕಾಗದದಲ್ಲೂ ಶಪಿಸಿದ್ದೀಯ. ಕಾಗದ ಕೈಸೇರಿದ ಗಳಿಗೆಯಲ್ಲೇ ಅವರು ನನ್ನನ್ನು ಕರೆದು, "ಇಲ್ಲೇನಯ್ಯಾ ಮಾಡ್ತಿದೀಯ? ಮೊದಲು ಹೆಂಡ್ತಿ ಹತ್ರ ಹೋಗು" ಎಂದು ರೈಲಿನ ಪಾಸು ಕೊಟ್ಟಿದ್ದರು. ನಿನಗೆ ಉತ್ತರ ನಾನೇ ಬರೆಯುತ್ತೇನೆ ಎಂದು ಅವರಿಗೆ ಹೇಳಿದೆ. ಮಾರನೆಯ ದಿನ ಹೊಸ ಎಂಜಿನ್ನಿನ ಮೊದಲ ಹಾರಾಟವಿತ್ತು. "ಅತ್ತೆ ಹುಷಾರಾದ್ರಂತೆ ಸಾರ್" ಎಂದು ಅವರಿಗೂ ಸುಳ್ಳು ಹೇಳಿ ಉಳಿದುಕೊಂಡೆ. ಅಮ್ಮ ತೀರಿಕೊಂಡದ್ದು ಅದಾದ ನಾಲ್ಕನೆಯ ದಿನ.